ಎಲ್ಲ ಎಲೆಯೂ ಎಲ್ಲರಿಗೂ ಆಹಾರವಲ್ಲ

ಶಕ್ತಿನಗರದಿಂದ ಕೃಷ್ಣಾ ನದಿಯ ದಡದತ್ತ ಒಮ್ಮೆ ನಡೆದು ನೋಡಿ. ಬಳ್ಳಾರಿ ಜಾಲಿಯ ಸಿಹಿ ಕಾಯಿಗಳನ್ನು ಆಡುಗಳು ಆಸೆಯಿಂದ ತಿನ್ನುತ್ತವೆ. ಅದರ ಎಲೆಗೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಎಕ್ಕದ ಗಿಡವನ್ನು ಮೂಸಿ ಮುಂದೆ ಹೋಗುತ್ತವೆ. ಆದರೆ ಅದೇ ಎಕ್ಕದ ಎಲೆಯನ್ನು ಪಟ್ಟೆಪಟ್ಟೆಯ ಮರಿಹುಳುವೊಂದು ನಿಶ್ಚಿಂತೆಯಿಂದ ಮೇಯುತ್ತಿರುತ್ತದೆ. ಕಾರಣವೇನು?

ಗಿಡ ಓಡಲಾರದು. ಮುಳ್ಳು, ಒರಟುತನ, ಕಹಿ, ವಿಷ ಇವೇ ಅದರ ರಕ್ಷಣೆ. ಎಕ್ಕದ ಹಾಲಿನಲ್ಲಿ ಹೃದಯದ ಬಡಿತ ಕೆಡಿಸುವ ವಿಷವಿದೆ. ಕಿತ್ತಳೆ ಬಣ್ಣದ ಚಿಟ್ಟೆಯೊಂದರ ಈ ಮರಿಹುಳು ಮೊದಲು ಎಲೆಯನ್ನು ಅರ್ಧಚಂದ್ರಾಕಾರವಾಗಿ ಕಚ್ಚಿ ಹಾಲಿನ ಹರಿವನ್ನು ತಡೆಯುತ್ತದೆ. ಆಮೇಲೆ ಆ ಭಾಗವನ್ನು ತಿನ್ನುತ್ತದೆ.

ದೇವದುರ್ಗ, ಮಾನ್ವಿಗಳ ಹೊಲಗಳಲ್ಲೂ ಇದೇ ಭೇದ. ಹಸಿರು ಕಾಯಿಕೊರಕ ಹತ್ತಿ, ತೊಗರಿ, ಕಡಲೆ, ಸೂರ್ಯಕಾಂತಿ ಎಲ್ಲವನ್ನೂ ತಿನ್ನುತ್ತದೆ. ಗುಲಾಬಿ ಕಾಯಿಕೊರಕಕ್ಕೆ ಹತ್ತಿಯೇ ಮುಖ್ಯ ಆಹಾರ. ಈ ಹುಳುಗಳನ್ನು ತಡೆಯಲು 2002ರಲ್ಲಿ ಭಾರತದಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಗಿಡವೇ ಹುಳುವಿಗೆ ವಿಷವಾಯಿತು. ಆದರೆ ವರ್ಷವರ್ಷವೂ ಒಂದೇ ಬಗೆಯ ವಿಷ ಎದುರಾದಾಗ, ಅದನ್ನು ತಾಳಿಕೊಂಡ ಕೆಲವೇ ಹುಳುಗಳು ಉಳಿದು ಸಂತಾನ ಬೆಳೆಸಿದವು. 2010ರ ದಶಕದಲ್ಲಿ ಗುಲಾಬಿ ಕಾಯಿಕೊರಕ ಬಿಟಿ ಹತ್ತಿಯಲ್ಲೂ ಮರಳಿ ಬಂದಿತು. ಹೊಲದ ಅಂಚಿನಲ್ಲಿ ಬಿಟಿ ಅಲ್ಲದ ಹತ್ತಿಯ ಸಾಲು ಹಾಕಬೇಕೆಂದು ಹೇಳಿದ್ದು ಇದಕ್ಕಾಗಿಯೇ. ಅಲ್ಲಿ ಬದುಕುವ ಸಾಧಾರಣ ಹುಳುಗಳು ತಾಳಿಕೊಂಡವುಗಳೊಡನೆ ಕೂಡಿದರೆ ತಾಳುವ ಗುಣ ಬೇಗ ಹರಡದು.

ಇನ್ನೊಂದು ಸಂಗತಿ. ಒಂದೇ ಜಾತಿಯ ಗಿಡಗಳೂ ಸಮನಾಗಿ ಹಾನಿಗೊಳ್ಳುವುದಿಲ್ಲ. 503 ಜಾತಿಯ ಸಸ್ಯಗಳನ್ನು ಲೋಕದ ಹಲವೆಡೆ ಪರಿಶೀಲಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಗಿಡದಿಂದ ಗಿಡಕ್ಕೆ ಇರುವ ಈ ಏರುಪೇರು ಭೂಮಧ್ಯರೇಖೆಯಿಂದ ದೂರ ಹೋದಂತೆ ಹೆಚ್ಚುತ್ತದೆ, ದೊಡ್ಡ ಗಿಡಗಳಿಗಿಂತ ಚಿಕ್ಕ ಗಿಡಗಳಲ್ಲಿ ಹೆಚ್ಚಾಗಿರುತ್ತದೆ ಎಂದು ಅದು ತೋರಿಸಿತು.

ಇದರಲ್ಲಿ ರೈತನ ದುಡ್ಡಿನ ಪ್ರಶ್ನೆಯೂ ಇದೆ. ಬದುವಿನ ಒಂದು ಗಿಡ ನೋಡಿ ಔಷಧ ಸಿಂಪಡಿಸಿದರೆ ಖರ್ಚು ವ್ಯರ್ಥವಾಗಬಹುದು. ಒಂದು ಗಿಡ ನೋಡಿ ಸುಮ್ಮನಿದ್ದರೆ ಬೆಳೆಯೇ ಹೋಗಬಹುದು. ಗುಲಾಬಿ ಹುಳು ಕಾಯಿಯೊಳಗೆ ಅಡಗಿರುವುದರಿಂದ ಬೇರೆ ಬೇರೆ ಗಿಡಗಳ 20 ಹಸಿ ಕಾಯಿಗಳನ್ನು ಬಿಡಿಸಿ ನೋಡಬೇಕು. ಎರಡರಲ್ಲಿ ಹುಳು ಅಥವಾ ಅದು ಕೊರೆದ ಗುರುತು ಕಂಡರೆ ಕ್ರಮ ಕೈಗೊಳ್ಳುವ ಹೊತ್ತು ಬಂದಿತೆಂದು ತಿಳಿಯಬೇಕು.

ವಿದ್ಯಾರ್ಥಿಗಳೇ, ನಿಮ್ಮ ಶಾಲೆಯ ಅಂಗಳದ ಹತ್ತು ಗಿಡಗಳಲ್ಲಿ ಹುಳು ತಿಂದ ಎಲೆಗಳನ್ನು ಎಣಿಸಿ ಬರೆದಿಡಿ. ಹತ್ತೂ ಲೆಕ್ಕ ಒಂದೇ ಆಗಿರುವುದು ಅಪರೂಪ. ಏಕೆಂದು ಕೇಳಿಕೊಳ್ಳಿ, ವಿಜ್ಞಾನ ಅಲ್ಲಿಂದಲೇ ಆರಂಭವಾಗುತ್ತದೆ.