ಹಳೆಯ ಕಾರು ಹೋಯಿತು, ಹೊಸ ಸಾಲ ಬಂತು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅವರ ಕಾಲಕ್ಕೆ ಮೋಟಾರು ಕಾರು ಮಧ್ಯಮ ವರ್ಗದವರ ಮನೆಯಂಗಳಕ್ಕೆ ಬಂದಿರಲಿಲ್ಲವಾದ ಕಾರಣ ಗಾದೆಯು ಅಲ್ಲಿಗೇ ನಿಂತಿತೆಂದು ತೋರುತ್ತದೆ. ಬಂದಿದ್ದರೆ, "ಹಳೆಯ ಕಾರು ಮಾರಿ ನೋಡು" ಎಂಬ ಮೂರನೆಯ ಮಾತನ್ನೂ ಅವರು ಸೇರಿಸದೆ ಬಿಡುತ್ತಿರಲಿಲ್ಲ. ಈಚೆಗೆ ಈ ಮೂರನೆಯ ಪರೀಕ್ಷೆಗೆ ಕುಳಿತು, ಹೇಗೋ ತೇರ್ಗಡೆಯಾಗಿ ಬಂದವನು ನಾನು. ಅನುಭವವು ನಾಲ್ಕು ಜನಕ್ಕೆ ಉಪಯೋಗವಾದೀತೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೈಸೂರಿನ ನಮ್ಮ ಮನೆಯ ಮುಂದೆ ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ನಿಂತಿದ್ದ ಆ ಬಿಳಿಯ ಪುಟ್ಟ ಕಾರು ನನ್ನ ಸಂಪಾದನೆಯದಲ್ಲ. ನಮ್ಮ ತಂದೆಯವರು ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದಾಗ ಕೈಗೆ ಬಂದ ಹಣದಲ್ಲಿ, 2013ರ ದಸರೆಯಲ್ಲಿ, ನನ್ನ ಹೆಸರಿಗೇ ಕೊಂಡು ಕೊಟ್ಟದ್ದು. ನನ್ನ ಮಗಳು ಹುಟ್ಟಿದ ಹನ್ನೊಂದನೆಯ ದಿನ ಮನೆಗೆ ಬಂದದ್ದು ಅದರಲ್ಲಿ. ನಮ್ಮ ತಾಯಿಯವರು ಕಡೆಯ ಬಾರಿ ಆಸ್ಪತ್ರೆಗೆ ಹೋದದ್ದೂ ಅದರಲ್ಲಿಯೇ. ಇಂಥ ವಸ್ತುವಿಗೆ ಬೆಲೆ ಕಟ್ಟುವುದು ಹೇಗೆ?

ಆದರೆ ಯಂತ್ರಕ್ಕೆ ನಮ್ಮ ಭಾವನೆಗಳ ಪರಿವೆಯಿಲ್ಲ. ಕ್ಲಚ್ಚು ಸವೆದಿತ್ತು, ನಾಲ್ಕು ಟೈರುಗಳೂ ಬೋಳಾಗಿದ್ದುವು, ಹವಾನಿಯಂತ್ರಕವು ಗಾಳಿಯನ್ನಲ್ಲದೆ ತಂಪನ್ನು ಕೊಡುವುದನ್ನು ನಿಲ್ಲಿಸಿತ್ತು. ಎಪ್ಪತ್ತು ದಾಟಿದ ತಂದೆಯವರಿಗೆ ಆ ತಗ್ಗಾದ ಆಸನದಿಂದ ಏಳುವುದು ಒಂದು ಸಾಹಸವಾಗಿತ್ತು. ಬಹುಕಾಲದ ಪರಿಚಯದ ಮೆಕ್ಯಾನಿಕ್ಕರು ಅರುವತ್ತು ಸಾವಿರದ ಅಂದಾಜು ಹೇಳಿ, "ಸಾರ್, ಹಾಕಿದ ದುಡ್ಡು ಮಾರುವಾಗ ವಾಪಸು ಬರೋಲ್ಲ" ಎಂದು ಕೈಯೊರಸಿಕೊಂಡರು. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷಗಳ ಆಯುಸ್ಸು. ಆ ಬಳಿಕ ತಪಾಸಣೆಗೊಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆ ಗಡುವು ಸಮೀಪಿಸಿದಷ್ಟೂ ಕೊಳ್ಳುವವರು ಹಿಂಜರಿಯುತ್ತಾರೆ. ಮಾರುವುದೆಂದು ನಿಶ್ಚಯವಾಯಿತು.

ಬೆಲೆ ಕಟ್ಟುವ ಬಗೆ

ವಿಮೆಯ ಕಂಪೆನಿಗಳು ಕಾರಿನ ಬೆಲೆಯನ್ನು ವಯಸ್ಸಿಗೆ ತಕ್ಕಂತೆ ಇಳಿಸುವ ಒಂದು ಕ್ರಮವುಂಟು. ಆರು ತಿಂಗಳೊಳಗಿನದಕ್ಕೆ ಶೇಕಡ 5, ಒಂದು ವರ್ಷದೊಳಗೆ 15, ಎರಡರೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಐದು ದಾಟಿದ ಮೇಲೆ ಉಭಯತರರ ಒಪ್ಪಂದವೇ ಬೆಲೆ. ಎಂದರೆ, ನಮ್ಮ ಕಾರು ಶಾಸ್ತ್ರದ ಎಲ್ಲೆಯನ್ನು ಎಂದೋ ಮೀರಿ, ಮಾತಿನ ಚಾತುರ್ಯದ ಪ್ರದೇಶವನ್ನು ಹೊಕ್ಕಿತ್ತು.

ಮೊದಲಿಗೆ ಹಳೆಯ ಕಾರುಗಳ ವ್ಯಾಪಾರಿಗಳ ಬಳಿ ಹೋದೆ. ಒಬ್ಬರು 1,10,000 ಎಂದರು, ಇನ್ನೊಬ್ಬರು 1,20,000. "2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿಯಿತಲ್ಲ ಸ್ವಾಮಿ. ಹೊಸದೇ ಅಗ್ಗವಾದ ಮೇಲೆ ಹಳೆಯದನ್ನು ಯಾರು ಕೇಳುತ್ತಾರೆ?" ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ. ವ್ಯಾಪಾರಿಯು ಕಾರನ್ನು ತೊಳೆದು, ತಿದ್ದಿ, ತಿಂಗಳುಗಟ್ಟಲೆ ನಿಲ್ಲಿಸಿಕೊಂಡು ಮಾರಬೇಕು. ಅವನ ಲಾಭವು ನಮ್ಮ ಬೆಲೆಯಿಂದಲೇ ಬರಬೇಕು. ನೇರವಾಗಿ ಬಳಸುವವರಿಗೇ ಮಾರಿದರೆ ಹೆಚ್ಚು ಸಿಗುತ್ತದೆ. ಆದರೆ ಓಡಾಟವೂ ಹೊಣೆಯೂ ನಮ್ಮವೇ. ನಾನು ಎರಡನೆಯ ಹಾದಿ ಹಿಡಿದು, 1,60,000 ಎಂದು ನಾಲ್ಕು ಜನರ ಕಿವಿಯಲ್ಲಿ ಹಾಕಿದೆ.

ಹೇಳಬೇಕೇ, ಬೇಡವೇ?

ಒಂದು ಭಾನುವಾರ ಬೆಳಿಗ್ಗೆ ಒಬ್ಬ ತರುಣ ಬಂದ. ವಿದ್ಯುತ್ ತಂತಿ ಎಳೆಯುವ ಕೆಲಸ ಅವನದು. ಹೆಂಡತಿ ಗರ್ಭಿಣಿ, ಬೈಕಿನಲ್ಲಿ ಕರೆದೊಯ್ಯುವುದು ಸಾಧ್ಯವಿಲ್ಲ. ಅವನ ಮನೆತನದಲ್ಲಿ ಇದೇ ಮೊದಲ ಕಾರು. ಕಾರನ್ನು ಒಂದು ಸುತ್ತು ಓಡಿಸಿ ನೋಡಿದ, ಮುಖ ಅರಳಿತು. "ಮೆಕ್ಯಾನಿಕ್ಕನ್ನು ಕರೆದುಕೊಂಡು ಬಾರಪ್ಪ" ಎಂದೆ. "ಯಾಕೆ ಸಾರ್? ನೀವು ಮೇಷ್ಟ್ರು. ನಿಮ್ಮ ಮಾತೇ ಸಾಕು" ಎಂದುಬಿಟ್ಟ.

ಆ ಮಾತು ನನ್ನನ್ನು ಪೇಚಿಗೆ ಸಿಕ್ಕಿಸಿತು. ಏಕೆಂದರೆ ನಾನು ಹೇಳದೆ ಉಳಿಸಿಕೊಂಡಿದ್ದ ಸಂಗತಿ ಒಂದಿತ್ತು. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಣ ಬಡಾವಣೆಗಳು ಜಲಾವೃತವಾದುದನ್ನು ವಾಚಕರು ಮರೆತಿರಲಾರರು. ಆ ರಾತ್ರಿ ನಮ್ಮ ಕಾರು ಅಲ್ಲಿ, ನನ್ನ ಭಾವಮೈದುನನ ಮನೆಯ ಕೆಳಗೆ ನಿಂತಿತ್ತು. ನೀರು ಆಸನದ ಮಟ್ಟಕ್ಕೆ ಬಂದಿತ್ತು. ವಿಮೆಯವರು ದುರಸ್ತಿಯ ವೆಚ್ಚ ಕೊಟ್ಟರು. ಕಾರೂ ಮತ್ತೆ ಓಡಿತು. ಆದರೆ ಹಾಗೆ ಮುಳುಗಿ ಎದ್ದ ಕಾರಿನ ತಂತಿಗಳಲ್ಲಿಯೂ ತಳದ ತಗಡಿನಲ್ಲಿಯೂ ತುಕ್ಕು ಯಾವಾಗ ತಲೆಯೆತ್ತುವುದೆಂದು ಹೇಳಬರುವುದಿಲ್ಲ.

ಒಳಗೆ ಹೋಗಿ ನನ್ನಾಕೆಯನ್ನು ಕೇಳಿದೆ. "ಅವನು ಕೇಳಲಿಲ್ಲವಲ್ಲ; ನಾನಾಗಿ ಹೇಳಬೇಕೇ?"

ಅವಳು ಕಾಫಿ ಬಸಿಯುತ್ತ, "ರೀ, ಆ ಹುಡುಗಿಗೆ ಎಷ್ಟು ತಿಂಗಳಂತೆ?" ಎಂದಳು.

"ಏಳು."

"ನಡುರಾತ್ರಿಯಲ್ಲಿ ಕಾರು ಚಾಲೂ ಆಗದಿದ್ದರೆ?"

ಮುಂದೆ ಮಾತು ಬೇಕಾಗಲಿಲ್ಲ. ಹೊರಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ದುರಸ್ತಿಯ ಬಿಲ್ಲನ್ನೂ ತೋರಿಸಿದೆ. ತರುಣನ ಮುಖ ಬಾಡಿತು. ಯೋಚಿಸಿ ಹೇಳುತ್ತೇನೆಂದು ಹೊರಟುಹೋದ. ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದ ತಂದೆಯವರು ತಲೆಯೆತ್ತದೆಯೇ, "ಗಿರಾಕಿ ಹೋದನೇನೋ?" ಎಂದರು. "ಹೋದ ಅಪ್ಪ" ಎಂದೆ. "ಹೋಗಲಿ ಬಿಡು" ಎಂದು ಪುಟ ಮಗುಚಿದರು.

ಗಿರಾಕಿ ಹೋಗಿರಲಿಲ್ಲ. ಮೂರನೆಯ ದಿನ ಮೆಕ್ಯಾನಿಕ್ಕನ ಸಮೇತ ಬಂದ. ಕಾರನ್ನು ಎತ್ತಿ, ತಳ ನೋಡಿ, ತಂತಿ ಬಿಚ್ಚಿ ಪರೀಕ್ಷಿಸಿ, ಹದಿನೈದು ಸಾವಿರ ಕಡಮೆ ಮಾಡಿಸಿಕೊಂಡು, 1,45,000ಕ್ಕೆ ಒಪ್ಪಿದ. ಆ ಹದಿನೈದು ಸಾವಿರಕ್ಕೆ ನಾನು ರಾತ್ರಿಯ ನಿದ್ರೆಯನ್ನು ಕೊಂಡೆನೆಂದು ಲೆಕ್ಕ. ದುಬಾರಿಯಾಯಿತೆಂದು ನನಗೆ ಅನಿಸಿಲ್ಲ.

ಹೆಸರು ಬದಲಾಗುವವರೆಗೆ

ಹಣ ಕೈಗೆ ಬಂದು ಬೀಗದ ಕೈ ಕೊಟ್ಟರೆ ಮಾರಾಟ ಮುಗಿಯಿತೆಂದು ಬಹುಮಂದಿ ತಿಳಿದಿದ್ದಾರೆ. ಇದು ಅಪಾಯಕರವಾದ ಭ್ರಮೆ. ನೋಂದಣಿ ಪತ್ರದಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು. ಕಾರು ಕೈಯಿಂದ ಕೈಗೆ ದಾಟಿ ಹೋಗಿದ್ದರೂ, ಹೆಸರು ಬದಲಾಗದ ಕಾರಣ, ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ನನ್ನ ಸಹೋದ್ಯೋಗಿಯೊಬ್ಬರು ಹಿಂದೊಮ್ಮೆ ಸ್ಕೂಟರನ್ನು ಬಾಯಿಮಾತಿನಲ್ಲಿ ಮಾರಿ, ಎರಡು ವರ್ಷದ ಮೇಲೆ ತಾವು ಕಂಡೇ ಇರದ ಊರಿನಿಂದ ಬಂದ ಸಮನ್ಸನ್ನು ಕೈಯಲ್ಲಿ ಹಿಡಿದು ಅಲೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಾಡಬೇಕಾದುದು ಕಷ್ಟವಲ್ಲ. ಮಾರುವವನು ವರ್ಗಾವಣೆಯ ಸೂಚನೆಯನ್ನು 29ನೆಯ ನಮೂನೆಯಲ್ಲಿ ಆರ್.ಟಿ.ಓ. ಕಚೇರಿಗೆ ಕೊಡಬೇಕು, ರಾಜ್ಯದೊಳಗಿನ ಮಾರಾಟಕ್ಕೆ ಇದರ ಅವಧಿ 14 ದಿನ. ಇಬ್ಬರೂ ಸಹಿ ಹಾಕುವ 30ನೆಯ ನಮೂನೆಯ ಅರ್ಜಿಯನ್ನು ಕೊಂಡವನು 30 ದಿನದೊಳಗೆ ಸಲ್ಲಿಸಬೇಕು. ಕಾರಿನ ಮೇಲೆ ಹಳೆಯ ಸಾಲವಿದ್ದರೆ, ಅದನ್ನು ತೀರಿಸಿ, 35ನೆಯ ನಮೂನೆಯಿಂದ ಬ್ಯಾಂಕಿನ ಹೆಸರನ್ನು ನೋಂದಣಿ ಪತ್ರದಿಂದ ತೆಗೆಸಬೇಕು. ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವನಿಗೆ 14 ದಿನ ಅವಕಾಶ. ಫಾಸ್ಟ್ಯಾಗನ್ನು ಮರೆಯದೆ ಮುಚ್ಚಿಸಬೇಕು. ಇಲ್ಲವಾದರೆ ಅವರು ತಿರುಪತಿಗೆ ಹೋದಾಗ ಸುಂಕ ನಮ್ಮ ಖಾತೆಯಿಂದ ಹೋಗುತ್ತದೆ. ವ್ಯಾಪಾರಿಗೆ ಮಾರುವವರು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಅವರು ಸಾರಿಗೆ ಇಲಾಖೆಯ ಅಧಿಕಾರ ಪತ್ರ ಪಡೆದವರೇ ಎಂದು ವಿಚಾರಿಸುವುದು ಒಳ್ಳೆಯದು.

ಇನ್ನೊಂದು ಗುಟ್ಟು. ಪರಿಹಾರ ಕೇಳದೆ ಕಳೆದ ವರ್ಷಗಳಿಗೆ ವಿಮೆಯವರು ಕೊಡುವ ರಿಯಾಯಿತಿ ಕಾರಿನ ಸ್ವತ್ತಲ್ಲ, ನಮ್ಮ ಸ್ವತ್ತು. ಅದು ಶೇಕಡ 20ರಿಂದ ತೊಡಗಿ 25, 35, 45 ಎಂದು ಏರಿ 50ಕ್ಕೆ ನಿಲ್ಲುತ್ತದೆ. 2022ರಲ್ಲಿ ಪರಿಹಾರ ಪಡೆದ ಕಾರಣ ನನ್ನದು ಸೊನ್ನೆಗಿಳಿದು, ಮತ್ತೆ 35ಕ್ಕೆ ಏರಿತ್ತು. ಮಾರಿದ ಮೇಲೆ ಅದಕ್ಕೊಂದು ಪ್ರಮಾಣಪತ್ರ ಪಡೆದರೆ ಮೂರು ವರ್ಷದೊಳಗೆ ಹೊಸ ಕಾರಿನ ವಿಮೆಗೆ ಬಳಸಬಹುದು. ಸ್ವಂತ ಕಾರಿಗಾಗುವ ಹಾನಿಯ ಭಾಗದ ಕಂತಿಗೆ ಮಾತ್ರ ಅದು ಸಲ್ಲುತ್ತದೆಂಬುದು ನೆನಪಿರಲಿ.

ಕಂತಿನ ಲೆಕ್ಕ

ಈಗ ಹೊಸ ಕಾರಿನ ಮಾತು. ಷೋರೂಮಿನ ತರುಣನು ಮಹಾ ಸಂಭಾವಿತ. ಎಲ್ಲ ತೆರಿಗೆ, ವಿಮೆ ಸೇರಿ ಎಂಟು ಲಕ್ಷವಾಗುವ ಕಾರನ್ನು ತೋರಿಸಿ, "ಮೂರು ಲಕ್ಷ ಕಟ್ಟಿಬಿಡಿ ಸಾರ್, ಮಿಕ್ಕದ್ದಕ್ಕೆ ತಿಂಗಳಿಗೆ ಎಂಟೇ ಸಾವಿರ" ಎಂದ. ಒಟ್ಟು ಎಷ್ಟಾಗುವುದೆಂದು ನಾನು ಕೇಳಲೂ ಇಲ್ಲ. ಮೇಲ್ಛಾವಣಿಯಲ್ಲಿ ಆಕಾಶ ಕಾಣುವ ಕಿಟಕಿಯಿತ್ತು. ಮನೆಗೆ ಬಂದು ಸಭೆ ಸೇರಿಸಿದೆ.

ತಂದೆಯವರು ಸಾಲವೆಂದೊಡನೆ ಮುಖ ಗಂಟಿಕ್ಕಿದರು. "ನಾನು ಸ್ಕೂಟರಿಗೆ ಮುಂಗಡ ಕಟ್ಟಿದ್ದು 1978ರಲ್ಲಿ, ಕೈಗೆ ಬಂದದ್ದು 1985ರಲ್ಲಿ. ಏಳು ವರ್ಷ ಕಾದೆ. ಅಷ್ಟರಲ್ಲಿ ದುಡ್ಡೂ ಕೂಡಿತ್ತು. ನಿಮಗೆ ಕಾಯುವ ಅಭ್ಯಾಸವೇ ತಪ್ಪಿಹೋಗಿದೆ" ಎಂದರು. ಬಳಿಕ ತಮ್ಮ ಠೇವಣಿಯನ್ನು ತೆಗೆದುಕೋ ಎಂದರು. ಅವರ ಔಷಧಿಯ ಖರ್ಚು ನಡೆಯುವುದು ಆ ಠೇವಣಿಯ ಬಡ್ಡಿಯಿಂದ. ನಾನು ಒಪ್ಪಲಿಲ್ಲ.

ಮಗಳ ಓದಿಗೆಂದು ಇಟ್ಟ ನಾಲ್ಕು ಲಕ್ಷದ ಠೇವಣಿ ಇತ್ತು. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಅದನ್ನು ಮುರಿಯುವುದೇ ಲಾಭ. ಶೇಕಡ 7ಕ್ಕೂ ಕಡಮೆ ಬಡ್ಡಿ ತರುವ ಹಣವನ್ನು ಹಾಗೇ ಇಟ್ಟು, ಶೇಕಡ 9ಕ್ಕೆ ಸಾಲ ತರುವುದು ಜಾಣತನವಲ್ಲ. ನಾನು ಹಾಗೆಯೇ ವಾದಿಸಿದೆ. ನನ್ನಾಕೆ ನಕ್ಕಳು. "ಬ್ಯಾಂಕಿನ ಕಂತು ತಪ್ಪಿದರೆ ಬ್ಯಾಂಕಿನವರು ಫೋನು ಮಾಡುತ್ತಾರೆ. ಮಗಳ ಕಂತು ತಪ್ಪಿದರೆ ನಿಮಗೆ ಯಾರು ಫೋನು ಮಾಡುತ್ತಾರೆ?" ಎಂದಳು. ನನ್ನ ಸ್ವಭಾವವನ್ನು ಅವಳು ಹದಿಮೂರು ವರ್ಷದಿಂದ ಬಲ್ಲಳು. ಮುರಿದ ಠೇವಣಿಯನ್ನು ತಿಂಗಳು ತಿಂಗಳೂ ತಪ್ಪದೆ ತುಂಬಿಸಬಲ್ಲ ಶಿಸ್ತುಗಾರರಿಗೆ ಆ ಮಾರ್ಗ ಸರಿ, ನನ್ನಂಥವರಿಗಲ್ಲ.

ಆಮೇಲೆ ಅವಳು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಲೆಕ್ಕ ಬರೆದಳು. ಐದು ಲಕ್ಷ ಸಾಲ, ಇಳಿಯುವ ಅಸಲಿನ ಮೇಲೆ ಶೇಕಡ 9 ಬಡ್ಡಿ. ಮೂರು ವರ್ಷಕ್ಕಾದರೆ ಕಂತು ಸುಮಾರು 15,900, ಒಟ್ಟು ಬಡ್ಡಿ 72,400. ಐದು ವರ್ಷಕ್ಕೆ ಕಂತು 10,380, ಬಡ್ಡಿ 1,22,750. ಏಳು ವರ್ಷಕ್ಕೆ ಕಂತು 8,045, ಬಡ್ಡಿ 1,75,700. ಷೋರೂಮಿನ "ಎಂಟೇ ಸಾವಿರ"ದ ಒಳಗುಟ್ಟು ಇದೇ: ಕಂತು ಕುಗ್ಗಿದಷ್ಟೂ ಬಡ್ಡಿ ಹಿಗ್ಗುತ್ತದೆ. ಏಳನೆಯ ವರ್ಷ ಸಾಲ ತೀರುವ ಹೊತ್ತಿಗೆ ಕಾರು ಮುದಿಯಾಗಿರುತ್ತದೆ.

ಅದೇ ಪುಟದಲ್ಲಿ ಇನ್ನೊಂದು ಲೆಕ್ಕ. ಆರು ಲಕ್ಷಕ್ಕೆ ಬರುವ ಸಣ್ಣ ಕಾರು. ಹಳೆಯದರಿಂದ ಬಂದ 1,45,000. ಉಳಿತಾಯ ಖಾತೆಯಿಂದ 1,55,000. ಸಾಲ ಮೂರು ಲಕ್ಷ, ಮೂರು ವರ್ಷಕ್ಕೆ. ಕಂತು 9,540, ಒಟ್ಟು ಬಡ್ಡಿ 43,440. ದೊಡ್ಡ ಕಾರಿನ ಏಳು ವರ್ಷದ ಕಂತಿಗಿಂತ ತಿಂಗಳಿಗೆ 1,500 ರೂಪಾಯಿ ಮಾತ್ರ ಹೆಚ್ಚು. ಬಡ್ಡಿಯಾದರೋ ನಾಲ್ಕನೆಯ ಒಂದು ಪಾಲು! ಆಕಾಶ ಕಾಣುವ ಕಿಟಕಿಯನ್ನು ನಾನು ಮನಸ್ಸಿನಿಂದ ಮುಚ್ಚಿದೆ.

ಸಾಲ ತರುವವರಿಗೆ ಎರಡು ಎಚ್ಚರಿಕೆ. "ಫ್ಲಾಟ್" ದರವೆಂದರೆ ತೀರಿಸಿದ ಅಸಲಿಗೂ ಕಡೆಯವರೆಗೆ ಬಡ್ಡಿ ತೆರುವುದು. ಇದೇ ಮೂರು ಲಕ್ಷಕ್ಕೆ ಇದೇ ಶೇಕಡ 9 "ಫ್ಲಾಟ್" ಆದರೆ ಮೂರು ವರ್ಷದ ಬಡ್ಡಿ 81,000, ಇಮ್ಮಡಿಗೆ ಸಮೀಪ. ಎರಡನೆಯದಾಗಿ, 2024ರ ಅಕ್ಟೋಬರ್ 1ರ ಬಳಿಕ ಮಂಜೂರಾಗುವ ಇಂಥ ಸಾಲಗಳಿಗೆ, ಎಲ್ಲ ಶುಲ್ಕಗಳನ್ನೂ ಒಳಗೊಂಡ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶ ಪತ್ರವೊಂದನ್ನು ಸಾಲಗಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಅದನ್ನು ಕೇಳಿ ಪಡೆದು, ಓದಿ, ಆಮೇಲೆ ಸಹಿ ಹಾಕತಕ್ಕದ್ದು. ಅವಧಿಗೆ ಮುನ್ನ ತೀರಿಸಿದರೆ ದಂಡವುಂಟೇ ಎಂಬುದನ್ನೂ ಅಲ್ಲಿಯೇ ನೋಡಿಕೊಳ್ಳಬೇಕು.

ಹೊಸ ಕಾರು ಬಂದಿದೆ. ಆಸನ ಎತ್ತರವಾಗಿರುವುದರಿಂದ ತಂದೆಯವರು ಯಾರ ಕೈಯನ್ನೂ ಹಿಡಿಯದೆ ಇಳಿಯುತ್ತಾರೆ. ಸಾಲದ ವಿಷಯವಾಗಿ ಮಾತ್ರ ಪ್ರತಿ ತಿಂಗಳ ಐದನೆಯ ತಾರೀಕು, "ಕಂತು ಕಟ್ಟಿದೆಯೇನೋ?" ಎಂದು ಕೇಳುವುದನ್ನು ಬಿಟ್ಟಿಲ್ಲ.

ಕಳೆದ ವಾರ ಆ ತರುಣ ಫೋನು ಮಾಡಿದ್ದ. ನೋವು ಕಾಣಿಸಿಕೊಂಡದ್ದು ರಾತ್ರಿ ಎರಡು ಗಂಟೆಗಂತೆ. "ಗಾಡಿ ಒಂದೇ ಸಲಕ್ಕೆ ಚಾಲೂ ಆಯ್ತು ಸಾರ್. ನೀವು ಹೇಳಿದ್ದಕ್ಕೆ ಹಿಂದಿನ ತಿಂಗಳೇ ತಂತಿ ಎಲ್ಲ ಬದಲಾಯಿಸಿಬಿಟ್ಟಿದ್ದೆ" ಎಂದ. ಹೆಣ್ಣು ಮಗು. ನನ್ನ ಮಗಳ ಹಾಗೆಯೇ, ಆ ಮಗುವೂ ಮನೆಗೆ ಬಂದದ್ದು ಅದೇ ಬಿಳಿಯ ಕಾರಿನಲ್ಲಿ.