ಎಚ್.ಐ.ವಿ. ಮಾತ್ರೆ: ಕೇಳದೆ ನುಂಗಬೇಡಿ

ಕೆಲವು ತಿಂಗಳ ಹಿಂದೆ, ಕ್ಲಿನಿಕ್ ಮುಚ್ಚುವ ಹೊತ್ತಿಗೆ ಒಬ್ಬ ಯುವಕ ಬಂದ. ಉಳಿದ ರೋಗಿಗಳೆಲ್ಲ ಹೋಗಲೆಂದು ಹೊರಗೇ ಕಾದಿದ್ದನಂತೆ. ಅರ್ಧ ಖಾಲಿಯಾದ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಒಂದು ರಾತ್ರಿಯ ಸಂಪರ್ಕಕ್ಕೆ ಹೆದರಿ, ಪರಿಚಯದ ಔಷಧಿ ಅಂಗಡಿಯಿಂದ ಎಚ್.ಐ.ವಿ. ಮಾತ್ರೆ ತಂದು, ದಿನಕ್ಕೆ ಒಂದರ ಬದಲು ಎರಡರಂತೆ ವಾರವಿಡೀ ನುಂಗಿದ್ದ. ವಾಕರಿಕೆಗೆ ಜೊತೆಯಲ್ಲೇ ಗ್ಯಾಸಿನ ಸಿರಪ್ಪನ್ನೂ ಕುಡಿದಿದ್ದ. ಆಮೇಲೆ ಎಲ್ಲವನ್ನೂ ಬಿಟ್ಟಿದ್ದ. ರಕ್ತಪರೀಕ್ಷೆ ಮಾತ್ರ ಮಾಡಿಸಿರಲಿಲ್ಲ. "ಜಾಸ್ತಿ ತಗೊಂಡ್ರೆ ಜಾಸ್ತಿ ರಕ್ಷಣೆ ಅಲ್ವಾ ಡಾಕ್ಟ್ರೇ?" ಎಂದು ಕೇಳಿದ.

ಅಲ್ಲ. ಈ ಔಷಧಿಗಳು ಲಕ್ಷಾಂತರ ಜನರ ಜೀವ ಉಳಿಸಿವೆ, ನಿಜ. ಆದರೆ ಸೋಂಕಿಲ್ಲದವರಿಗೆ ಅವು ತಾವಾಗಿಯೇ ನಿರಪಾಯವೆಂದು ತಿಳಿಯಬೇಡಿ. ನೆವಿರಪಿನ್ ಎಂಬ ಮಾತ್ರೆಯ ಕಥೆ ಕೇಳಿ. ಸೋಂಕಿನ ಅಪಾಯಕ್ಕೆ ಒಡ್ಡಿಕೊಂಡವರು ಮುನ್ನೆಚ್ಚರಿಕೆಯಾಗಿ ಅದನ್ನು ನುಂಗಿ ತೊಂದರೆಗೀಡಾದ 22 ಗಂಭೀರ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2001ರ ಜನವರಿಯಲ್ಲಿ ಪ್ರಕಟಿಸಿತು. 12 ಮಂದಿಯ ಯಕೃತ್ತು ಕೆಟ್ಟಿತ್ತು. ಒಬ್ಬ ಆರೋಗ್ಯ ಕಾರ್ಯಕರ್ತೆಗೆ ಯಕೃತ್ತನ್ನೇ ಬದಲಿಸಬೇಕಾಯಿತು. ವಿಚಿತ್ರವೆಂದರೆ, ರೋಗನಿರೋಧಕ ಶಕ್ತಿ ಗಟ್ಟಿಯಾಗಿದ್ದವರಿಗೇ ಈ ಮಾತ್ರೆಯ ಅಪಾಯ ಹೆಚ್ಚು. ಈಗ ಈ ಉದ್ದೇಶಕ್ಕೆ ಅದನ್ನು ಕೊಡುವುದಿಲ್ಲ. ಮನೆಯ ಹಳೆಯ ಡಬ್ಬಗಳಲ್ಲಿ ಯಾರದೋ ಮಾತ್ರೆ ಉಳಿದಿದ್ದರೆ ಮುಟ್ಟಬೇಡಿ.

ಈಗಿನ ಟೆನೋಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಮಾತ್ರೆ ಎಷ್ಟೋ ಸೌಮ್ಯ. ಆದರೂ ಟೆನೋಫೊವಿರ್ ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲದು. ಆಮ್ಲಶಾಮಕ ಸಿರಪ್ ಜೊತೆಗೇ ಕುಡಿದರೆ ಡೊಲುಟೆಗ್ರಾವಿರ್ ಸರಿಯಾಗಿ ರಕ್ತ ಸೇರುವುದಿಲ್ಲ. ಅಂದರೆ ಈ ಯುವಕ ಎರಡು ನುಂಗಿಯೂ ಪೂರ್ತಿ ಗುಣ ಪಡೆದಿರಲಿಲ್ಲ! ಇನ್ನು, ಮೊದಲೇ ಎಚ್.ಐ.ವಿ. ಇದ್ದು ಅದು ಗೊತ್ತಿಲ್ಲದವರು ಇಂಥ ಮಾತ್ರೆಯನ್ನು ಬಿಟ್ಟು ಬಿಟ್ಟು ನುಂಗಿದರೆ ವೈರಾಣು ಔಷಧಿಗೆ ಬಗ್ಗದಂತಾಗಬಹುದು. ಗಂಡನ ಮಾತ್ರೆಯನ್ನು ಹೆಂಡತಿ ಹಂಚಿಕೊಂಡರೂ ಇದೇ ಗತಿ, ಇಬ್ಬರಿಗೂ ಅರ್ಧ ಚಿಕಿತ್ಸೆ.

ಅವನ ರಕ್ತ ಪರೀಕ್ಷಿಸಿದೆವು. ಎಚ್.ಐ.ವಿ. ಇರಲಿಲ್ಲ, ಮೂರು ತಿಂಗಳಿಗೆ ಮತ್ತೆ ನೋಡಬೇಕೆಂದು ಹೇಳಿದೆ. ಆದರೆ ಹೆಪಟೈಟಿಸ್ ಬಿ ಇತ್ತು, ಅದು ಅವನಿಗೆ ತಿಳಿದೇ ಇರಲಿಲ್ಲ. ಇದೇ ಮಾತ್ರೆಯ ಎರಡು ಔಷಧಿಗಳು ಹೆಪಟೈಟಿಸ್ ಬಿ ವೈರಾಣುವನ್ನೂ ಅದುಮಿ ಹಿಡಿಯುತ್ತವೆ. ಥಟ್ಟನೆ ನಿಲ್ಲಿಸಿದರೆ ಅದು ಕೆರಳಿ ಕಾಮಾಲೆಯಾಗಬಹುದು, ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ. ಅದಕ್ಕಾಗಿಯೇ ಮಾತ್ರೆಯ ಜೊತೆಗೆ ಪರೀಕ್ಷೆಯೂ ಬೇಕು.

ಅಪಾಯಕ್ಕೆ ಒಡ್ಡಿಕೊಂಡಿದ್ದೀರೆಂದು ಅನುಮಾನವಿದ್ದರೆ ಕೂಡಲೇ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮೊದಲ ಮಾತ್ರೆ ಆದಷ್ಟು ಬೇಗ, 72 ಗಂಟೆಯೊಳಗೆ ಹೊಟ್ಟೆ ಸೇರಬೇಕು; 28 ದಿನ ತಪ್ಪದೆ ನುಂಗಬೇಕು. ನಾಚಿಕೊಂಡು ಕೂತರೆ ಕಳೆದುಹೋಗುವುದು ಆ 72 ಗಂಟೆಗಳೇ. ವೈದ್ಯರು ಇಂಥ ಸಂಗತಿಗಳನ್ನು ದಿನವೂ ಕೇಳುವವರು, ಗಾಬರಿಯಾಗುವುದಿಲ್ಲ.

ಯುವಕನ ಯಕೃತ್ತು ಸದ್ಯ ಚೆನ್ನಾಗಿದೆ. ತಿಂಗಳಿಗೊಮ್ಮೆ ಪರೀಕ್ಷೆಗೆ ಬರುತ್ತಾನೆ, ಈಗ ಹಗಲು ಹೊತ್ತಿನಲ್ಲೇ.