ಸಾಕುಹಕ್ಕಿಗಳ ಸ್ವಭಾವಭೇದ

ಮನುಷ್ಯನು ಹಕ್ಕಿಯನ್ನು ಮನೆಗೆ ಕರೆತಂದುದು ಇಂದು ನಿನ್ನೆಯ ಸಂಗತಿಯಲ್ಲ. ಪ್ರಾಚೀನರು ಎಣಿಸಿದ ಅರುವತ್ತನಾಲ್ಕು ಕಲೆಗಳಲ್ಲಿ ಗಿಳಿ ಸಾರಿಕೆಗಳಿಗೆ ಮಾತು ಕಲಿಸುವ ಶುಕಸಾರಿಕಾಪ್ರಲಾಪನವೂ ಒಂದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಪಾರಿವಾಳ, ಗಿಡುಗ ಮೊದಲಾದವುಗಳ ವಿನೋದಗಳನ್ನು ವಿವರಿಸುತ್ತದೆ. ಆದರೆ ಹಕ್ಕಿಯನ್ನು ಸಾಕುವುದು ಬೇರೆ, ಅದರ ಸ್ವಭಾವವನ್ನು ಅರಿಯುವುದು ಬೇರೆ. ಪಂಜರವು ಹಾರಾಟವನ್ನು ತಡೆದೀತೇ ಹೊರತು ಹುಟ್ಟುಗುಣವನ್ನು ಬದಲಿಸಲಾರದು. ತವರುನೆಲದಲ್ಲಿ ಹಕ್ಕಿಯ ಕುಲವು ಬಾಳಿದ ರೀತಿಯೇ ಆ ಗುಣಕ್ಕೆ ಮೂಲ.

ನಮ್ಮ ಪೇಟೆಗಳಲ್ಲಿ 'ಲವ್ ಬರ್ಡ್ಸ್' ಎಂಬ ಹೆಸರಿನಿಂದ ಮಾರುವ ಹಸುರು, ಹಳದಿ, ನೀಲಿ ಬಣ್ಣದ ಪುಟ್ಟ ಹಕ್ಕಿಗಳು ಬಹುಮಟ್ಟಿಗೆ ಬಜರಿಗರ್ ಎಂಬ ಆಸ್ಟ್ರೇಲಿಯದ ಗಿಳಿಗಳು. ಜಾನ್ ಗೂಲ್ಡ್ ಎಂಬ ಪಕ್ಷಿಶಾಸ್ತ್ರಜ್ಞನು 1840ರಲ್ಲಿ ಇವುಗಳನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದನು. ಒಣ ಒಳನಾಡಿನಲ್ಲಿ ನೀರನ್ನರಸುತ್ತ ದೊಡ್ಡ ಹಿಂಡುಗಳಾಗಿ ಅಲೆಯುವ ಈ ಜಾತಿಗೆ ಸಂಗಜೀವನವೇ ಪ್ರಕೃತಿ. ಇದು ಸಾಧುವಾದ ಹಕ್ಕಿ. ಆದರೆ ಒಡನಾಡಿಯಿಲ್ಲದಿದ್ದರೆ ಕುಗ್ಗಿಹೋಗುತ್ತದೆ.

ನಿಜವಾದ ಲವ್ ಬರ್ಡ್ ಆಫ್ರಿಕ ಖಂಡದ್ದು. ಅದರಲ್ಲಿ ಒಂಬತ್ತು ಪ್ರಭೇದಗಳಿವೆ. ಜೋಡಿಯ ಮೇಲೆ ಅದಕ್ಕಿರುವ ಅನುರಾಗ ಎಷ್ಟು ಗಾಢವೋ, ಅನ್ಯಪಕ್ಷಿಗಳ ಮೇಲಿನ ಅಸಹನೆಯೂ ಅಷ್ಟೇ ಉಗ್ರ. ಹೆಸರನ್ನು ನಂಬಿ ಇತರ ಚಿಕ್ಕ ಹಕ್ಕಿಗಳೊಡನೆ ಕೂಡಿಟ್ಟರೆ ಅವುಗಳ ಕಾಲುಬೆರಳುಗಳಿಗೇ ಅಪಾಯ.

ಆಸ್ಟ್ರೇಲಿಯದ್ದೇ ಆದ ಕಾಕಟೀಲ್ ಸೌಮ್ಯ, ಆದರೆ ಅಂಜುಬುರುಕ. ಅದರ ಮನಸ್ಸು ಜುಟ್ಟಿನಲ್ಲಿ ವ್ಯಕ್ತವಾಗುತ್ತದೆ: ಬೆಚ್ಚಿದಾಗ ನೆಟ್ಟಗೆ ನಿಲ್ಲುತ್ತದೆ, ಸಿಟ್ಟಾದಾಗ ತಲೆಗೆ ಅಂಟಿಕೊಳ್ಳುತ್ತದೆ. ರಾತ್ರಿಯ ಸಣ್ಣ ಸದ್ದಿಗೂ ಅದು ಗಾಬರಿಗೊಂಡು ರೆಕ್ಕೆ ಬಡಿದು ಗಾಯಮಾಡಿಕೊಳ್ಳುವುದುಂಟು. ಜೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಯಾದರೋ ಮನುಷ್ಯಸ್ಪರ್ಶವನ್ನು ಬಯಸುವುದಿಲ್ಲ. ಗಂಡುಮರಿ ತಂದೆಯ ಹಾಡನ್ನು ಕೇಳಿ ಹಾಡು ಕಲಿಯುತ್ತದೆ. ಅದನ್ನು ದೂರದಿಂದ ನೋಡಿ ಕೇಳಿ ಆನಂದಿಸುವುದೇ ಯುಕ್ತ.

ಬುದ್ಧಿಯಲ್ಲಿ ಅಗ್ರಗಣ್ಯವಾದುದು ಆಫ್ರಿಕದ ಬೂದು ಗಿಳಿ. ಅಮೆರಿಕದ ವಿದುಷಿ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಿಂದ 2007ರವರೆಗೆ ಅಲೆಕ್ಸ್ ಎಂಬ ಇಂಥ ಗಿಳಿಗೆ ಪಾಠ ಹೇಳಿದರು. ಅದು ಬಣ್ಣ, ಆಕಾರಗಳನ್ನು ಹೆಸರಿಸುತ್ತಿತ್ತು. ಆರರವರೆಗಿನ ಸಂಖ್ಯೆಗಳನ್ನು ಗುರುತಿಸುತ್ತಿತ್ತು. ಅರ್ಥವರಿಯದ ಉರುಹೊಡೆತವನ್ನು 'ಗಿಳಿಪಾಠ' ಎನ್ನುವ ನಮ್ಮ ರೂಢಿ ಈ ಹಕ್ಕಿಯ ಮಟ್ಟಿಗೆ ಅನ್ಯಾಯವೇ ಸರಿ. ಇಷ್ಟು ಚುರುಕಾದ ಮನಸ್ಸಿಗೆ ಬೇಸರವೇ ವ್ಯಾಧಿ. ಏಕಾಂತದಲ್ಲಿ ಬಹುಕಾಲ ಬಿಟ್ಟರೆ ಅದು ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತದೆ. ಇದಕ್ಕೆ ನಾಲ್ಕೈದು ದಶಕಗಳ ಆಯುಸ್ಸೂ ಇರುವುದರಿಂದ ಸಾಕುವವನ ಹೊಣೆ ಅಲ್ಪವಲ್ಲ. ವಿದೇಶದ ಇಂಥ ಸಂರಕ್ಷಿತ ಹಕ್ಕಿಯನ್ನು ಇಟ್ಟುಕೊಂಡವರು ಅರಣ್ಯ ಇಲಾಖೆಯಲ್ಲಿ ಅದನ್ನು ನೋಂದಾಯಿಸುವುದೂ ಅವಶ್ಯ.

ಇನ್ನು ನಮ್ಮ ನಾಡಿನ ಗಿಳಿ ಮತ್ತು ಬೆಟ್ಟದ ಮೈನಾಗಳ ಮಾತು. ಮಾತು ಕಲಿಯುವ ಗುಣವೇ ಇವುಗಳಿಗೆ ಬಂಧನವಾಯಿತು. ಗೂಡಿನಿಂದ ಮರಿಗಳನ್ನು ಕದ್ದು, ರೆಕ್ಕೆ ಕತ್ತರಿಸಿ ಮಾರುವ ಕ್ರೌರ್ಯ ಬಹುಕಾಲದಿಂದ ನಡೆದುಬಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳ ಅನ್ವಯ ಇವುಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಇಂದು ಅಪರಾಧ. ಆದರೂ ಎಷ್ಟೋ ಸಜ್ಜನರ ಮನೆಗಳ ಜಗಲಿಯಲ್ಲಿ ಪ್ರೀತಿಯ ಹೆಸರಿನಲ್ಲಿ ಗಿಳಿಯ ಪಂಜರ ಇನ್ನೂ ತೂಗುತ್ತಿದೆ. ಗಿಳಿಯನ್ನು ಪ್ರೀತಿಸುವವರು ಅಂಗಳದಲ್ಲೊಂದು ಸೀಬೆಗಿಡ ನೆಟ್ಟರೆ ಸಾಕು; ಹಣ್ಣಾದ ಕಾಲಕ್ಕೆ ಅದು ಕರೆಯದೆಯೇ ಬರುತ್ತದೆ.

ಒಂದೇ ತರಗತಿಯಲ್ಲಿ ಕುಳಿತ ಮಕ್ಕಳ ಗುಣಗಳು ಹಲವು ಬಗೆಯವೆಂಬುದನ್ನು ಅಧ್ಯಾಪಕರು ಬಲ್ಲರು. ಗುಣವನ್ನರಿತು ನಡೆಸಿಕೊಳ್ಳುವ ಆ ವಿವೇಕ ಮೂಕಜೀವಿಗಳ ವಿಷಯದಲ್ಲಿಯೂ ಸಲ್ಲುತ್ತದೆ. ಅರಿವಿಲ್ಲದ ಅಕ್ಕರೆ ಹಕ್ಕಿಗೆ ಇನ್ನೊಂದು ಪಂಜರವಷ್ಟೇ.